ಊರಿನ ಹಮಾಮ್‌ಗೇ ಹೋಗಿ, ವ್ಯಾಕ್ಸಿಂಗ್ ಮಾತ್ರ ಬೇಡ

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ವ್ಯಾಕ್ಸಿಂಗ್ ಮಾಡಿಸಬೇಡಿ. ಮೊರಾಕೊದ ಹಮಾಮ್‌ನಲ್ಲಿ, ಅಂದರೆ ಊರವರೆಲ್ಲ ಹೋಗುವ ಹಬೆ ಸ್ನಾನದ ಮನೆಯಲ್ಲಿ, ಎಲ್ಲರೆದುರು ಬಟ್ಟೆ ತೆಗೆಯಲು ನಾಚಿಕೆ, ಅದರ ಬದಲು ಗಂಡನ ಜೊತೆ ಹೋಟೆಲ್ ಸ್ಪಾ ಪ್ಯಾಕೇಜ್ ತಗೊಂಡರೆ ಹೇಗೆ, ಹೋಗುವ ಮುಂಚೆ ಕೈಕಾಲು ವ್ಯಾಕ್ಸ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದರೆ ಅಲ್ಲಿಗೆ ಹೊರಡುವ ಮುಂಚೆ ನಾನೇ ಬರೆದ ಹಾಗಿತ್ತು.

ನಾನು, ನನ್ನ ಗೆಳತಿ ಅಲ್ಲಿನ ಫೆಜ್ ನಗರದ ಹಳೆ ಊರಲ್ಲಿ ಒಂದು ಮನೆಯಲ್ಲಿ ಉಳಿದುಕೊಂಡಿದ್ದೆವು. ಕಾರು ನುಗ್ಗದ ಗಲ್ಲಿಗಳು, ಸಾಮಾನು ಹೊರುವ ಕತ್ತೆಗಳು. ಅಲ್ಲಿ ಕೇರಿಗೊಂದು ಮಸೀದಿ, ಮನೆಯಿಂದ ಹಿಟ್ಟು ನಾದಿ ತಂದರೆ ರೊಟ್ಟಿ ಸುಟ್ಟು ಕೊಡುವ ಒಂದು ಒಲೆ, ಒಂದು ಹಮಾಮ್. ಮನೆಯೊಡತಿ ‘ನಾಳೆ ಮಧ್ಯಾಹ್ನ ಹೋಗಿ, ಅದು ಹೆಂಗಸರ ಹೊತ್ತು’ ಎಂದರು. ನಾನು ಆ ಸಂಜೆಯೇ ಪಾರ್ಲರ್ ಹುಡುಕಿಕೊಂಡು ಹೋಗಿ ಕೈ, ಕಾಲು ಎರಡೂ ವ್ಯಾಕ್ಸ್ ಮಾಡಿಸಿಕೊಂಡು ಬಂದೆ. ಗುರುತಿಲ್ಲದ ಹೆಂಗಸರ ಮಧ್ಯೆ ಅರೆಬೆತ್ತಲೆ ಕೂರಬೇಕಲ್ಲ, ಕೊನೆಪಕ್ಷ ನೀಟಾಗಿ ಕಾಣೋಣ ಅನ್ನೋದೊಂದೇ ತಲೆಯಲ್ಲಿತ್ತು. ಇಡೀ ಪ್ರವಾಸದಲ್ಲಿ ನನಗೆ ದುಬಾರಿಯಾದ ತಪ್ಪು ಇದೊಂದೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ವ್ಯಾಕ್ಸ್ ಕಿತ್ತಾಗ ಕೂದಲಿನ ಜೊತೆ ಚರ್ಮದ ಮೇಲಿನ ಪದರವೂ ಸ್ವಲ್ಪ ಬರುತ್ತದೆ. ಕೂದಲ ಬುಡ ಕೆಂಪಗಾಗಿ ಉರಿಯುತ್ತಿರುತ್ತದೆ, ಅಲ್ವಾ? ಮನೆಯಲ್ಲಿದ್ದರೆ ಅಲೋವೆರಾ ಹಚ್ಚಿ ಸುಮ್ನೆ ಇರುತ್ತೇವೆ, ಮರುದಿನಕ್ಕೆ ಸರಿಹೋಗುತ್ತದೆ. ಆದರೆ ಹಮಾಮ್‌ನಲ್ಲಿ ನಡೆಯುವುದೇ ಬೇರೆ. ಮೊದಲು ಬಿಸಿ ಕೋಣೆಯಲ್ಲಿ ಕೂತು ಬೆವರಬೇಕು. ಹಬೆಗೆ ಚರ್ಮ ನೆನೆದು ಮೆತ್ತಗಾಗುತ್ತದೆ. ಆಮೇಲೆ ಸಾಬೂನ್ ಬಲ್ದಿ ಹಚ್ಚುತ್ತಾರೆ. ಆಲಿವ್ ಎಣ್ಣೆಗೆ ಪೊಟ್ಯಾಶ್ ಕ್ಷಾರ ಹಾಕಿ ಮಾಡುವ, ಗ್ರೀಸ್‌ನಂಥ ಕಪ್ಪು ಸಾಬೂನು ಅದು. ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ಕೆಸ್ಸಾ ಅನ್ನುವ ಒರಟು ಗ್ಲೌಸ್ ಹಾಕಿಕೊಂಡು ತಿಕ್ಕುತ್ತಾರೆ. ಹೀಗೆ ತಿಕ್ಕುವುದು ಸತ್ತ ಚರ್ಮ ತೆಗೆಯೋಕೆ. ನನ್ನ ಕಾಲಲ್ಲಿ ಅದು ಹಿಂದಿನ ಸಂಜೆಯೇ ಹೋಗಿತ್ತು. ಗ್ಲೌಸ್‌ಗೆ ಸಿಕ್ಕಿದ್ದು ಜೀವ ಇರುವ ಚರ್ಮ.

ತಿಕ್ಕುವ ಹೆಂಗಸನ್ನು ಅಲ್ಲಿ ತಯ್ಯಾಬಾ ಅನ್ನುತ್ತಾರೆ. ನನಗೆ ಸಿಕ್ಕಿದವರಿಗೆ ಅಮ್ಮನಷ್ಟು ವಯಸ್ಸು, ಗಟ್ಟಿ ತೋಳು. ನನ್ನನ್ನು ಚಾಪೆಯ ಮೇಲೆ ಮಲಗಿಸಿ ಬೆನ್ನಿನಿಂದ ಶುರು ಮಾಡಿದರು. ಉದ್ದಕ್ಕೆ, ಒಂದೇ ಸಮ, ಭುಜದಿಂದ ಸೊಂಟದವರೆಗೆ. ಬೂದು ಬಣ್ಣದ ಸಣ್ಣ ಸಣ್ಣ ಸುರುಳಿಗಳು ಏಳತೊಡಗಿದವು, ಶಾವಿಗೆ ಎಳೆಯ ಹಾಗೆ. ಅವರು ಆ ಸುರುಳಿಗಳನ್ನು ಕೈಯಲ್ಲಿ ಎತ್ತಿ ನನಗೇ ತೋರಿಸಿದರು, ‘ನೋಡು ಎಷ್ಟಿದೆ’ ಅನ್ನುವ ಮುಖ. ಬೆನ್ನಿಗೆ ಎಷ್ಟು ಹಿತವಾಗಿತ್ತು ಅಂದರೆ ಕಣ್ಣು ಮುಚ್ಚಿಹೋಗಿತ್ತು. ಕಾಲಿಗೆ ಬಂದಾಗ ಉರಿ ಶುರುವಾಯಿತು. ಇಷ್ಟು ಉರಿ ಎಲ್ಲರಿಗೂ ಇರುತ್ತದೇನೋ ಅಂದುಕೊಂಡು ಹಲ್ಲು ಕಚ್ಚಿ ಮಲಗಿದೆ. ಅವರಿಗೆ ಹೇಗೆ ಗೊತ್ತಾಗಬೇಕು? ಹಬೆ, ಮಬ್ಬು ಬೆಳಕು, ಬಿಸಿಗೆ ಎಲ್ಲರ ಮೈಯೂ ಕೆಂಪು. ‘ಬ್‌ಶ್ವಿಯಾ’ ಎಂದಿದ್ದರೆ ಮೆಲ್ಲಗೆ ತಿಕ್ಕುತ್ತಿದ್ದರು, ‘ಸಾಫಿ’ ಎಂದಿದ್ದರೆ ನಿಲ್ಲಿಸುತ್ತಿದ್ದರು. ಈ ಎರಡು ಮಾತು ಕಲಿತುಕೊಂಡು ಹೋಗಿ. ಬಾಯಿಬಿಟ್ಟು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರಾತ್ರಿ ಹೊತ್ತಿಗೆ ಮಂಡಿಯ ಹಿಂಭಾಗದಲ್ಲಿ ಚರ್ಮ ಸುಲಿದು ನೀರು ಜಿನುಗುತ್ತಿತ್ತು. ಔಷಧಿ ಅಂಗಡಿಯವರು ಮುಲಾಮು ಕೊಟ್ಟು, ಬಿಸಿಲು ಬೇಡ, ಬಿಗಿ ಬಟ್ಟೆ ಬೇಡ ಎಂದರು. ಮರುದಿನ ನಾವು ಮರಳುಗಾಡಿನ ಅಂಚಿನ ಮೆರ್ಜೂಗಾ ಊರಿಗೆ ಹೊರಡಬೇಕಿತ್ತು. ಒಂಟೆ ಸವಾರಿಗೆ, ಮರಳುಗಾಡಿನ ಟೆಂಟಿಗೆ ದುಡ್ಡು ಕಟ್ಟಿ ಆಗಿತ್ತು. ಫೆಜ್‌ನಿಂದ ಅಲ್ಲಿಗೆ ಇಫ್ರಾನ್, ಮಿದೆಲ್ತ್ ದಾಟಿ, ಜೀಜ್ ಕಣಿವೆಯ ಖರ್ಜೂರದ ತೋಟಗಳ ಪಕ್ಕದಲ್ಲಿ ಇಡೀ ದಿನದ ದಾರಿ. ಅಷ್ಟು ದೂರ ಕಾಲು ಮಡಚಲಾಗದೆ ಕೂತು ಹೋದೆ. ಒಂಟೆ ಮೇಲೆ ಕೂರುವ ಪ್ರಶ್ನೆಯೇ ಇರಲಿಲ್ಲ, ಗಾಯಕ್ಕೆ ಮರಳು ತಾಗಿದರೆ ಮುಗಿಯಿತು. ಗೆಳತಿ ಅಲ್ಲಿನ ಎರ್ಗ್ ಚೆಬ್ಬಿಯ ಮರಳು ದಿಬ್ಬ ಹತ್ತಿ ಸೂರ್ಯೋದಯ ನೋಡಿ ಬಂದಳು. ನಾನು ಸಡಿಲ ಪೈಜಾಮ ಹಾಕಿಕೊಂಡು ಲಾಡ್ಜಿನ ನೆರಳಲ್ಲಿ ಕೂತಿದ್ದೆ. ಅಷ್ಟು ದೂರ ಹೋಗಿ ಆ ಮರಳು ಹತ್ತಲಿಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ವ್ಯಾಕ್ಸ್ ಮಾಡಿಸಲೇಬೇಕು ಅಂದರೆ ಹಮಾಮ್‌ಗೆ ಒಂದು ವಾರ ಮುಂಚೆ ಮುಗಿಸಿಬಿಡಿ. ಶೇವಿಂಗ್‌ಗೂ ಇದೇ ಮಾತು. ಬಿಸಿಲಿಗೆ ಸುಟ್ಟ ಚರ್ಮ ಇದ್ದರೂ ಹೋಗಬೇಡಿ.

ಇನ್ನು ನಾಚಿಕೆ ವಿಷಯ. ನಾನು ಯಾರಿಗಾಗಿ ವ್ಯಾಕ್ಸ್ ಮಾಡಿಸಿಕೊಂಡೆನೋ ಅವರಲ್ಲಿ ಒಬ್ಬರೂ ನನ್ನ ಕಾಲು ನೋಡಲಿಲ್ಲ. ಅಜ್ಜಿಯರು, ಬಾಣಂತಿಯರು, ಕಾಲೇಜು ಹುಡುಗಿಯರು, ಓಡಾಡುವ ಪುಟ್ಟ ಮಕ್ಕಳು, ಎಲ್ಲರೂ ತಮ್ಮ ತಮ್ಮ ಬಕೆಟ್ ಮುಂದೆ ಕೂತು ತಮ್ಮ ಕೆಲಸದಲ್ಲಿದ್ದರು. ಒಬ್ಬರ ಬೆನ್ನು ಇನ್ನೊಬ್ಬರು ತಿಕ್ಕುತ್ತಾರೆ, ಕಿತ್ತಳೆ ಸುಲಿದು ತಿನ್ನುತ್ತಾರೆ, ಆ ಸಿಪ್ಪೆಯ ವಾಸನೆ ಹಬೆಯಲ್ಲಿ ತುಂಬಿಕೊಂಡಿರುತ್ತದೆ. ಪೂರ್ತಿ ಬೆತ್ತಲೆ ಯಾರೂ ಇರುವುದಿಲ್ಲ, ನೀವೂ ಇರಬೇಡಿ. ಒಳಚಡ್ಡಿ ಮೈಮೇಲೆ ಇರಲೇಬೇಕು, ಮೇಲಿನದನ್ನು ಹೆಂಗಸರು ತೆಗೆದಿರುತ್ತಾರೆ. ನನಗೆ ಮುಜುಗರ ಇದ್ದದ್ದು ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾತ್ರ, ಒಳಗೆ ಹೋಗಿ ಎರಡು ಚೊಂಬು ನೀರು ಸುರಿದುಕೊಂಡ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೋಟೆಲ್ ಸ್ಪಾ ಅಥವಾ ಹಮಾಮ್ ಅಂತ ತಕ್ಕಡಿ ಹಿಡಿದು ನೋಡುತ್ತಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. ಕೇರಿಯ ಹಮಾಮ್‌ನಲ್ಲಿ ಗಂಡಸರು ಹೆಂಗಸರು ಯಾವತ್ತೂ ಒಟ್ಟಿಗೆ ಸ್ನಾನ ಮಾಡುವುದಿಲ್ಲ. ಬೇರೆ ಬೇರೆ ಭಾಗ ಇರುತ್ತದೆ, ಇಲ್ಲದಿದ್ದರೆ ಬೇರೆ ಹೊತ್ತು. ದಂಪತಿ ಪ್ಯಾಕೇಜ್ ಅನ್ನುವುದು ಪ್ರವಾಸಿಗರಿಗಾಗಿಯೇ ಮಾಡಿದ್ದು. ಚೆನ್ನಾಗಿಯೇ ಇರುತ್ತದೆ, ದೀಪ, ಗುಲಾಬಿ ನೀರು, ಮೆತ್ತನೆ ಟವಲ್, ಎಲ್ಲ ಇರುತ್ತದೆ. ಆದರೆ ಅಂಥದ್ದು ಬೆಂಗಳೂರಲ್ಲೂ ಸಿಗುತ್ತದೆ. ಫೆಜ್‌ನ ಸೆಫ್ಫಾರಿನ್ ಚೌಕದಲ್ಲಿ, ತಾಮ್ರದ ಪಾತ್ರೆ ಬಡಿಯುವವರ ಪಕ್ಕದಲ್ಲೇ, ನೂರಾರು ವರ್ಷ ಹಳೆಯ ಹಮಾಮ್ ಇದೆ. ಮರಾಕೇಶ್ ನಗರದ ಮುವಾಸೀನ್ ಹಮಾಮ್ 16ನೇ ಶತಮಾನದ್ದು. ಅಂಥ ಊರಿಗೆ ಹೋಗಿ ಹೋಟೆಲ್ ಕೋಣೆಯೊಳಗೆ ಸ್ನಾನ ಮಾಡಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಹಮಾಮ್‌ನ ಹಿಂದುಗಡೆ ಬೇರೆ ಬಾಗಿಲಿಂದ ಒಲೆಕೋಣೆಗೆ ಹೋಗಬಹುದು, ಒಲೆ ಕಾಯುವವರು ಒಪ್ಪಿದರೆ ಇಣುಕಿ ನೋಡಿ. ಸೌದೆ, ಮರದ ಹೊಟ್ಟು, ಆಲಿವ್ ಬೀಜ ಉರಿಸಿ ನೀರು ಕಾಯಿಸುತ್ತಾರೆ. ಆ ಬಿಸಿಗೆ ಒಳಗಿನ ನೆಲವೂ ಕಾಯುತ್ತದೆ, ಮಲಗಿದರೆ ಸೊಂಟ ನೋವೆಲ್ಲ ಇಳಿದ ಹಾಗೆ. ಮರಾಕೇಶ್‌ನಲ್ಲಿ ಇದೇ ಬೂದಿಯಲ್ಲಿ ಮಣ್ಣಿನ ಮಡಕೆ ಹೂತಿಟ್ಟು ತಂಜಿಯಾ ಅನ್ನುವ ಮಾಂಸದ ಅಡುಗೆಯನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ. ನೀವು ಮಾಂಸ ತಿನ್ನುವವರಾದರೆ ಬಿಡಬೇಡಿ.

ಖರ್ಚು ತುಂಬಾ ಕಡಿಮೆ. ಒಳಗೆ ಬಿಡಲು ಸುಮಾರು 15, 20 ದಿರ್ಹಮ್, ತಿಕ್ಕಿಸಿಕೊಂಡರೆ 50ರಿಂದ 100. ಒಳಗೆ ಹೋಗುವ ಮುಂಚೆಯೇ ರೇಟು ಕೇಳಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ, ತಿಕ್ಕಿದವರ ಕೈಗೆ ಸ್ವಲ್ಪ ಜಾಸ್ತಿ ಕೊಡಿ, ಅಷ್ಟು ಹಬೆಯಲ್ಲಿ ದಿನವಿಡೀ ದುಡಿಯುವುದು ಸಣ್ಣ ಕೆಲಸ ಅಲ್ಲ. ಸಾಬೂನು, ಕೆಸ್ಸಾ, ತಲೆಗೆ ಹಚ್ಚುವ ಗಸೂಲ್ ಮಣ್ಣು ಎಲ್ಲ ಸಂತೆಯಲ್ಲೇ ಸಿಗುತ್ತವೆ, ಸಾಬೂನನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ರಬ್ಬರ್ ಚಪ್ಪಲಿ, ಟವಲ್, ಕೂರಲು ಸಣ್ಣ ಚಾಪೆ, ಒಣ ಒಳಉಡುಪು ಒಯ್ಯಿರಿ. ಫೋನ್ ಹೊರಗೇ ತೆಗೆಯಬೇಡಿ. ಹೊಟ್ಟೆ ತುಂಬಾ ತಿಂದು ಹೋಗಬೇಡಿ, ಕುಡಿಯುವ ನೀರು ಜೊತೆಗಿರಲಿ. ಗರ್ಭಿಣಿಯಾಗಿದ್ದರೆ ಅಥವಾ ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೋಗಿ.

ಒಂದು ವಿಷಯ ಗಮನಿಸಿ. 2024ರಲ್ಲಿ ಬರಗಾಲದಿಂದಾಗಿ ಹಲವು ಊರುಗಳಲ್ಲಿ ಹಮಾಮ್‌ಗಳನ್ನು ವಾರಕ್ಕೆ ಮೂರು ದಿನ ಮುಚ್ಚಿಸಿದ್ದರು. ಅದಕ್ಕೇ ಯಾವ ದಿನ ತೆರೆದಿರುತ್ತದೆ ಅಂತ ಉಳಿದುಕೊಂಡ ಮನೆಯಲ್ಲೇ ಕೇಳಿಕೊಳ್ಳಿ. ಒಳಗೆ ನಲ್ಲಿ ಬಿಟ್ಟುಕೊಂಡು ಕೂರಬೇಡಿ. ಬಿಸಿನೀರು, ತಣ್ಣೀರು ಬಕೆಟ್‌ಗೆ ಹಿಡಿದು ಬೆರೆಸಿಕೊಂಡು ಚೊಂಬಿನಲ್ಲಿ ಹಾಕಿಕೊಳ್ಳಿ. ಪಕ್ಕದವರ ಬಕೆಟ್‌ಗೆ ನಿಮ್ಮ ಸಾಬೂನಿನ ನೀರು ಸಿಡಿಯದಂತೆ ನೋಡಿಕೊಳ್ಳಿ, ಅವರಿಗೆ ಸಿಟ್ಟು ಬರುವುದು ಅದೊಂದಕ್ಕೇ.

ನಿಮ್ಮವರನ್ನು ಗಂಡಸರ ಹೊತ್ತಿಗೆ ಒಬ್ಬರೇ ಕಳಿಸಿ. ಅಲ್ಲಿ ತಿಕ್ಕುವವರು ಕೈಕಾಲು ಹಿಡಿದು ಚೆನ್ನಾಗಿ ಎಳೆಯುತ್ತಾರಂತೆ, ಬೆನ್ನು ನೋವು ಇದ್ದರೆ ಮೊದಲೇ ಹೇಳಲಿ. ಚಡ್ಡಿ ತೆಗೆಯುವ ಹಾಗಿಲ್ಲ ಅಂತಲೂ ತಿಳಿಸಿಬಿಡಿ. ಕೆಸ್ಸಾ ಮಾತ್ರ ಇಬ್ಬರಿಗೂ ಬೇರೆ ಬೇರೆ ಕೊಳ್ಳಿ, ಒಂದನ್ನೇ ಹಂಚಿಕೊಳ್ಳುವುದು ಬೇಡ.