ಸೆಮಿಸ್ಟರ್ ಕೊನೆಗೆ ತುಂಬುವ ಫೀಡ್‌ಬ್ಯಾಕ್ ಫಾರ್ಮ್‌ನಿಂದ ನಿಜಕ್ಕೂ ಏನಾದರೂ ಬದಲಾಗುತ್ತಾ?

ಪ್ರತಿ ಸೆಮಿಸ್ಟರ್ ಫೀಡ್‌ಬ್ಯಾಕ್ ತುಂಬುತ್ತೇವೆ, ಅದನ್ನು ಯಾರಾದರೂ ಓದುತ್ತಾರಾ, ಅದರಿಂದ ಕೋರ್ಸ್ ಸುಧಾರಿಸುತ್ತಾ ಅಂತ ಕೇಳಿದ್ದೀರಿ. ನಾನು ಒಂದು ಅಟಾನಮಸ್ (ಸಿಲಬಸ್ಸನ್ನು ತಾನೇ ರೂಪಿಸಿಕೊಳ್ಳುವ) ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ವಿಭಾಗದ ಫೀಡ್‌ಬ್ಯಾಕ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಓದುತ್ತೇವೆ. ಬದಲಾಗುತ್ತದೆ ಕೂಡ. ಆದರೆ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಫಾರ್ಮ್‌ನ ಕೊನೆಯಲ್ಲಿ ಬಿಟ್ಟಿರುವ ಖಾಲಿ ಜಾಗ. ಅದನ್ನೇ ಹೆಚ್ಚಿನವರು ಹಾಗೇ ಬಿಟ್ಟು ಸಬ್‌ಮಿಟ್ ಒತ್ತುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಮೂರನೇ ಸೆಮಿಸ್ಟರ್ ಎಲೆಕ್ಟ್ರಾನಿಕ್ಸ್‌ನವರಿಗೆ ಮ್ಯಾಥ್ಸ್ ಮತ್ತು ನೆಟ್‌ವರ್ಕ್ ಅನಾಲಿಸಿಸ್ ಎರಡೂ ಇದ್ದವು. ಸ್ವಿಚ್ ಹಾಕಿದ ಕ್ಷಣದಿಂದ ಸರ್ಕ್ಯೂಟ್‌ನಲ್ಲಿ ಕರೆಂಟ್ ಹೇಗೆ ಬದಲಾಗುತ್ತದೆ ಅಂತ ಲೆಕ್ಕ ಹಾಕಲು ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಅನ್ನುವ ಗಣಿತದ ವಿಧಾನ ಬೇಕು. ನೆಟ್‌ವರ್ಕ್‌ನಲ್ಲಿ ಅದು ಮೂರನೇ ಮಾಡ್ಯೂಲ್‌ಗೇ ಬರುತ್ತಿತ್ತು. ಮ್ಯಾಥ್ಸ್‌ನಲ್ಲಿ ಮಾತ್ರ ಲ್ಯಾಪ್ಲಾಸ್ ಇದ್ದದ್ದು ಕೊನೆಯ ಮಾಡ್ಯೂಲ್‌ನಲ್ಲಿ. ಹಾಗಾಗಿ ನೆಟ್‌ವರ್ಕ್ ಮೇಡಂ ಫಾರ್ಮುಲಾಗಳನ್ನು ಬೋರ್ಡ್ ಮೇಲೆ ಬರೆದು, ಇದನ್ನು ಸದ್ಯಕ್ಕೆ ಹೀಗೇ ಇಟ್ಟುಕೊಳ್ಳಿ ಅಂತ ಹೇಳಿ ಮುಂದೆ ಹೋಗಬೇಕಾಗುತ್ತಿತ್ತು. ಮ್ಯಾಥ್ಸ್ ಸರ್‌ಗೆ ಈ ತೊಂದರೆ ಗೊತ್ತೇ ಇರಲಿಲ್ಲ. ಅವರದು ಬೇರೆ ವಿಭಾಗ, ಬೇರೆ ಸ್ಟಾಫ್ ರೂಮ್. ಇಬ್ಬರೂ ಒಳ್ಳೆಯ ಮೇಷ್ಟ್ರುಗಳು, ಇಬ್ಬರ ಫೀಡ್‌ಬ್ಯಾಕ್ ಸ್ಕೋರೂ ಚೆನ್ನಾಗಿತ್ತು. ಬರೀ ಅಂಕಿ ನೋಡಿದ್ದರೆ ಎಲ್ಲ ಸರಿಯಿದೆ ಅಂತ ಫೈಲ್ ಮುಚ್ಚಿಡಬಹುದಿತ್ತು. ಆದರೆ ಯಾರೋ ಒಬ್ಬರು ಖಾಲಿ ಜಾಗದಲ್ಲಿ ಬರೆದಿದ್ದರು: "ಲ್ಯಾಪ್ಲಾಸ್ ನೆಟ್‌ವರ್ಕ್‌ನಲ್ಲಿ ಮೊದಲು ಬೇಕು, ಮ್ಯಾಥ್ಸ್‌ನಲ್ಲಿ ಆಮೇಲೆ ಬರುತ್ತೆ. ಸೆಕೆಂಡ್ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಬರೆದ್ವಿ." (ಇಂಟರ್ನಲ್ಸ್ ಅಂದರೆ ಸೆಮಿಸ್ಟರ್ ನಡುವೆ ಕಾಲೇಜೇ ನಡೆಸುವ ಪರೀಕ್ಷೆ.)

ಅದನ್ನು ಓದಿದ ಮೇಲೆ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಮುಂದಿನ ಬ್ಯಾಚ್‌ಗೆ ಮ್ಯಾಥ್ಸ್‌ನವರು ಲೆಸನ್ ಪ್ಲಾನ್‌ನಲ್ಲಿ ಲ್ಯಾಪ್ಲಾಸನ್ನು ಮೊದಲಿಗೆ ತಂದರು. ಖರ್ಚು ಏನೂ ಇಲ್ಲ. ಆಮೇಲೆ ಬೋರ್ಡ್ ಆಫ್ ಸ್ಟಡೀಸ್ (ಸಿಲಬಸ್ ತೀರ್ಮಾನಿಸುವ ಸಮಿತಿ) ಸಭೆಯಲ್ಲಿ ಸಿಲಬಸ್‌ನಲ್ಲೂ ಕ್ರಮ ಬದಲಾಯಿತು.

ಇದು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ? ಪ್ರತಿ ಮೇಷ್ಟ್ರೂ ತಮ್ಮ ಸಬ್ಜೆಕ್ಟನ್ನು ಮಾತ್ರ ನೋಡುತ್ತಾರೆ. ಬೋರ್ಡ್‌ಗೆ ಬರುವ ಹೊರಗಿನ ತಜ್ಞರು ಕಾಗದದ ಮೇಲಿನ ಸಿಲಬಸ್ ನೋಡುತ್ತಾರೆ. ಒಂದೇ ವಾರದಲ್ಲಿ ಎಲ್ಲ ಕ್ಲಾಸುಗಳಲ್ಲೂ ಕೂತು, ಯಾವುದು ಯಾವುದಕ್ಕೆ ಹೊಂದುತ್ತದೆ, ಎಲ್ಲಿ ಎರಡೆರಡು ಸಲ ಅದೇ ಪಾಠ ಬರುತ್ತದೆ ಅಂತ ಕಾಣುವುದು ವಿದ್ಯಾರ್ಥಿಗಳಿಗೆ ಮಾತ್ರ. ಈ ತಿಳಿವಳಿಕೆ ನಮಗೆ ಬೇರೆ ಎಲ್ಲೂ ಸಿಗುವುದಿಲ್ಲ.

ಇನ್ನು ಒಂದರಿಂದ ಐದರವರೆಗೆ ಕೊಡುವ ಅಂಕಿಗಳು. ಇವುಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಫಾರ್ಮ್ ತುಂಬದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂದರೆ ಏನಾಗುತ್ತದೆ? ಎಲ್ಲರಿಗೂ ಸಾಲಾಗಿ ಐದು ಒತ್ತಿ ಮುಗಿಸುತ್ತಾರೆ. ಅದು ಅವರ ತಪ್ಪಲ್ಲ. ಪಕ್ಷಪಾತದ ಮಾತೂ ಇದೆ. ಅಮೆರಿಕದಲ್ಲಿ ಒಂದು ಆನ್‌ಲೈನ್ ಕೋರ್ಸ್ ಇಟ್ಟುಕೊಂಡು ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ತಲಾ ಎರಡು ಗುಂಪಿಗೆ ಪಾಠ ಮಾಡಿದರು. ಒಂದು ಗುಂಪಿಗೆ ತಮ್ಮ ಹೆಸರಿನಲ್ಲಿ, ಇನ್ನೊಂದಕ್ಕೆ ಪರಸ್ಪರರ ಹೆಸರಿನಲ್ಲಿ. ಪಾಠ ಮಾಡಿದ್ದು ಯಾರೇ ಇರಲಿ, ಗಂಡಸು ಅಂತ ತಿಳಿದುಕೊಂಡವರಿಗೇ ಜಾಸ್ತಿ ಅಂಕ ಬಿತ್ತು. ಇಂಥ ಅಂಕಿಯನ್ನು ನೋಡಿ ಒಬ್ಬ ಮೇಷ್ಟ್ರ ಪ್ರಮೋಷನ್ ತೀರ್ಮಾನಿಸುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಸಮಯವೂ ಮುಖ್ಯ. ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ಹೇಳಿದವರಿಗೆ ಏನೂ ಸಿಗುವುದಿಲ್ಲ, ಸಿಕ್ಕರೆ ಜೂನಿಯರ್‌ಗಳಿಗೆ. ಅದಕ್ಕೇ ನಾನು ಮೊದಲ ಇಂಟರ್ನಲ್ಸ್ ಮುಗಿದ ಕೂಡಲೇ ಒಂದು ಚೀಟಿ ಹಂಚುತ್ತೇನೆ. ಹೆಸರು ಬೇಡ, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಬೇಡ. ಎಲ್ಲಿ ಅರ್ಥವಾಗದೆ ನಿಂತಿರಿ, ಯಾವುದು ತುಂಬಾ ಬೇಗ ಹೋಯಿತು, ಲ್ಯಾಬ್‌ನಲ್ಲಿ ಏನು ಕೆಲಸ ಮಾಡುತ್ತಿಲ್ಲ, ಇಷ್ಟೇ ಪ್ರಶ್ನೆ. ಮುಂದಿನ ಕ್ಲಾಸಿನಲ್ಲೇ ಇದನ್ನು ಸರಿ ಮಾಡುತ್ತೇನೆ, ಇದು ನನ್ನ ಕೈಯಲ್ಲಿಲ್ಲ ಅಂತ ಹೇಳಿಬಿಡುತ್ತೇನೆ. ಹಾಗೆ ಹೇಳಿದ ಮೇಲೆ ಎರಡನೇ ಸಲ ಚೀಟಿ ಕೊಟ್ಟರೆ ಬರೆಯುವವರೂ ಹೆಚ್ಚು, ಬರೆಯುವುದೂ ಹೆಚ್ಚು.

ಕಾಲೇಜು ಅಟಾನಮಸ್ ಅಲ್ಲದಿದ್ದರೆ ಕಷ್ಟ ಸ್ವಲ್ಪ ಜಾಸ್ತಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್ ತೀರ್ಮಾನವಾಗುವುದು ವಿಶ್ವವಿದ್ಯಾಲಯದ ಮಟ್ಟದಲ್ಲಿ. ಸಾಮಾನ್ಯವಾಗಿ ಹೊಸ ಸ್ಕೀಮ್, ಅಂದರೆ ಪರಿಷ್ಕರಿಸಿದ ಪಠ್ಯಕ್ರಮ, ಬರುವವರೆಗೆ ಕಾಯಬೇಕು. ಆದರೆ ಪಾಠದ ವೇಗ, ಲ್ಯಾಬ್, ಲೈಬ್ರರಿ, ಟೈಮ್‌ಟೇಬಲ್ ಎಲ್ಲ ಕಾಲೇಜಿನ ಕೈಯಲ್ಲೇ ಇರುತ್ತದೆ, ಅಲ್ವಾ?

ನೀವು ಬರೆಯುವಾಗ "ಪಾಠ ಚೆನ್ನಾಗಿಲ್ಲ" ಅಂತ ಬರೆದರೆ ನಮಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಯಾವ ಮಾಡ್ಯೂಲ್, ಯಾವ ಪ್ರಯೋಗ, ಏನು ಆಯಿತು ಅಂತ ಬರೆಯಿರಿ. ಪೋರ್ಟಲ್‌ಗೆ ಯುಎಸ್‌ಎನ್ ಹಾಕಿ ಲಾಗಿನ್ ಆಗಬೇಕು, ಇಂಟರ್ನಲ್ಸ್ ಮಾರ್ಕ್ಸ್ ಕಡಿಮೆ ಮಾಡಿಬಿಟ್ಟರೆ ಅನ್ನುವ ಭಯ ಇದ್ದರೆ, ಅದು ಸುಮ್ನೆ ಬಂದ ಭಯ ಅಂತ ನಾನು ಹೇಳುವುದಿಲ್ಲ. ಹಾಗಿದ್ದಾಗ ಕೆಲವರು ಸೇರಿಕೊಂಡು ಸಿಆರ್ (ಕ್ಲಾಸ್ ಪ್ರತಿನಿಧಿ) ಮೂಲಕ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ತಿಳಿಸಿ. ಇಡೀ ಕ್ಲಾಸಿನ ಮಾತು ಅಂದಾಗ ಒಬ್ಬರ ಮೇಲೆ ಬರುವುದಿಲ್ಲ.

ಇನ್ನೊಂದು ವಿಷಯ. 2017ರಲ್ಲಿ ಬಂದ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆ) ಪದ್ಧತಿಯಲ್ಲಿ ಫೀಡ್‌ಬ್ಯಾಕ್ ಬರೀ ಸಂಗ್ರಹಿಸಿದರೆ ಪೂರ್ತಿ ಅಂಕ ಇರಲಿಲ್ಲ. ಅದನ್ನು ವಿಶ್ಲೇಷಿಸಿ, ಕ್ರಮ ತೆಗೆದುಕೊಂಡು, ವೆಬ್‌ಸೈಟ್‌ನಲ್ಲೂ ಹಾಕಬೇಕಿತ್ತು. ಹಾಗಾಗಿ ನಿಮ್ಮ ಕಾಲೇಜಿನ ವೆಬ್‌ಸೈಟ್‌ನಲ್ಲಿ ಐಕ್ಯೂಎಸಿ (ಗುಣಮಟ್ಟ ನೋಡಿಕೊಳ್ಳುವ ಆಂತರಿಕ ಘಟಕ) ಪುಟ ತೆರೆದು 'ಆ್ಯಕ್ಷನ್ ಟೇಕನ್ ರಿಪೋರ್ಟ್' ಇದೆಯಾ ನೋಡಿ. ಇದ್ದರೆ ನೀವು ಹೇಳಿದ್ದಕ್ಕೆ ಏನು ಮಾಡಿದ್ದಾರೆ ಅಂತ ಓದಿ. ಇಲ್ಲದಿದ್ದರೆ, ಅಥವಾ ಪ್ರತಿ ವರ್ಷ ಅದೇ ಸಾಲುಗಳಿದ್ದರೆ, ಮುಂದಿನ ಕ್ಲಾಸ್ ಕಮಿಟಿ ಮೀಟಿಂಗ್‌ನಲ್ಲಿ ಅದನ್ನೇ ಕೇಳಿ.