ಕರೆಂಟ್ ಹೋಗಿ ಬಂದ ದಿನ ಕಂಪ್ಯೂಟರ್ ಲೋಗೋ ತನಕ ಬಂದು ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಬದಲಿಸಬೇಕಾ?

ಇವತ್ತೇ ಬದಲಿಸಬೇಡಿ. ಮೊದಲು ಇದು ಹೇಳಿ: ಹಾಗಾದ ದಿನ ಕಂಪ್ಯೂಟರ್‌ನ ತಾರೀಕು ಸರಿ ಇರುತ್ತದಾ?

ನೀವು ಬರೆದದ್ದು ಇಷ್ಟು. ಊರು ರಾಯಚೂರು. ಹತ್ತು ವರ್ಷದ ಡೆಸ್ಕ್‌ಟಾಪ್, ವಿಂಡೋಸ್ 10, ಯುಪಿಎಸ್ ಇಲ್ಲ. ಲೋಗೋ ಬರುತ್ತದೆ, ನೀಲಿ ಪರದೆ ಮಿಂಚಿ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ರಿಪೇರಿಯವರು ಹಾರ್ಡ್‌ಡಿಸ್ಕ್ ಹೋಗಿದೆ, ಬದಲಿಸಿ ಅಂದಿದ್ದಾರೆ. ಕರೆಂಟ್ ಹೋಗಿ ಬಂದ ದಿನ ಜಾಸ್ತಿ. ಕೊನೆಯ ಮಾತು ಓದಿದ ಕೂಡಲೇ ನನ್ನ ಹಳೆಯ ಮಷಿನ್ ಕಣ್ಣ ಮುಂದೆ ಬಂತು.

ನಮ್ಮದು ಬಳ್ಳಾರಿಯ ಕೌಲ್ ಬಜಾರ್ ಕಡೆ ಸಣ್ಣ ಡಿಟಿಪಿ ಅಂಗಡಿ. ಒಂದು ಬೇಸಿಗೆ ಪೂರ್ತಿ ಇದೇ ಕಾಟ. ಮದುವೆ ಕಾರ್ಡಿನ ಸೀಸನ್ ಬೇರೆ. ರಿಪೇರಿಯವರೊಬ್ಬರು ಬಂದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಎದ್ದು ಕಂಪ್ಯೂಟರ್ ಶುರು ಮಾಡುವ ಪ್ರೋಗ್ರಾಂ ಅದು) ಏನೋ ತಿರುವಿ, ಫಾರ್ಮ್ಯಾಟ್ ಮಾಡಿ, ದುಡ್ಡು ತಗೊಂಡು ಹೋದರು. ಡಿಸೈನ್‌ಗಳೂ ಹೋದವು. ಎಂಟೇ ದಿನಕ್ಕೆ ಮತ್ತೆ ಅದೇ ಹಾಡು. ಆಗಾಗ ಗಡಿಯಾರ 2012ರ ಜನವರಿ ತೋರಿಸುತ್ತಿತ್ತು. ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಅನ್ನುತ್ತಿತ್ತು. ನಾನು ತಾರೀಕು ತಿದ್ದಿ ಸುಮ್ನೆ ಕೆಲಸಕ್ಕೆ ಕೂರುತ್ತಿದ್ದೆ. ಉತ್ತರ ಪರದೆಯ ಮೂಲೆಯಲ್ಲೇ ಇತ್ತು, ನೋಡಿ.

ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, 3 ವೋಲ್ಟಿನದು. ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಅದಕ್ಕೆ ಹೆಚ್ಚು ಕೆಲಸವಿಲ್ಲ. ಕರೆಂಟ್ ಹೋದರೆ, ಅಥವಾ ರಾತ್ರಿ ನೀವು ಗೋಡೆಯ ಸ್ವಿಚ್ ಆರಿಸಿದರೆ, ಗಡಿಯಾರ ನಡೆಸುವುದು ಅದೇ. ಎಷ್ಟೋ ಬೋರ್ಡ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಕಾಯುವುದೂ ಅದೇ. ಸೆಕೆಗೆ ಇಂಥ ಸೆಲ್ ಬೇಗ ಸೊರಗುತ್ತದೆ. ನಮ್ಮ ಕಡೆ ಬಿಸಿಲು 40 ದಾಟುವುದು ಹೊಸದೇನಲ್ಲ ಅಲ್ವಾ.

ಸೆಲ್ ಸತ್ತರೆ ಬರೀ ಗಡಿಯಾರ ತಪ್ಪುವುದಲ್ಲವಾ, ಅದಕ್ಕೂ ಲೋಗೋ ಬಳಿ ನಿಲ್ಲುವುದಕ್ಕೂ ಏನು ಸಂಬಂಧ ಅಂತ ನಾನೂ ಕೇಳಿದ್ದೆ. ಸಂಬಂಧ ಇದೆ. ಬಯೋಸ್‌ನಲ್ಲಿ ‘ಸಾಟಾ ಮೋಡ್’ ಅಂತ ಒಂದು ಸೆಟ್ಟಿಂಗ್. ಹಾರ್ಡ್‌ಡಿಸ್ಕ್ ಜೊತೆ ಯಾವ ರೀತಿ ಮಾತಾಡಬೇಕು ಅನ್ನುವುದು ಅಲ್ಲಿರುತ್ತದೆ. ನನ್ನ ವಿಂಡೋಸ್ ಇನ್‌ಸ್ಟಾಲ್ ಆಗಿದ್ದು ಎಎಚ್‌ಸಿಐ ಅನ್ನುವ ರೀತಿಯಲ್ಲಿ. ಸೆಲ್ ಕೈಕೊಟ್ಟಾಗ ಬೋರ್ಡ್ ತನ್ನ ಮೂಲ ಸೆಟ್ಟಿಂಗ್‌ಗೆ, ಐಡಿಇ ಅನ್ನುವ ಹಳೆಯ ರೀತಿಗೆ ಮರಳುತ್ತಿತ್ತು. ಲೋಗೋ ತನಕ ಬಯೋಸ್ ಕೈಹಿಡಿದು ಕರೆತರುತ್ತದೆ. ಅಲ್ಲಿಂದ ವಿಂಡೋಸ್ ತನ್ನದೇ ಡ್ರೈವರ್‌ನಿಂದ, ಅಂದರೆ ಡಿಸ್ಕ್ ಜೊತೆ ಮಾತಾಡುವ ಸಣ್ಣ ಪ್ರೋಗ್ರಾಂನಿಂದ, ಡಿಸ್ಕ್ ಹುಡುಕಬೇಕು. ಆ ಡ್ರೈವರ್‌ಗೆ ಡಿಸ್ಕ್ ಕಾಣಲ್ಲ. ನೀಲಿ ಪರದೆ! ಡಿಸ್ಕ್ ಮಾತ್ರ ಗುಂಡುಕಲ್ಲಿನ ಹಾಗೆ ಚೆನ್ನಾಗಿಯೇ ಇತ್ತು. ಫಾರ್ಮ್ಯಾಟ್ ಬೇಕೇ ಇರಲಿಲ್ಲ, ಸೆಟ್ಟಿಂಗ್ ತಿರುವಿದ್ದೇ ಸಾಕಿತ್ತು. ಅದು ತಿಳಿದಾಗ ಹೊಟ್ಟೆ ಉರಿಯಿತು.

ಈಗ ನಿಮ್ಮದು. ಮಿಂಚಿ ಹೋಗುವ ನೀಲಿ ಪರದೆಯನ್ನು ನಿಲ್ಲಿಸಿ ಓದಬೇಕು. ಎರಡು ಮೂರು ಸಲ ಸೋತ ಮೇಲೆ ವಿಂಡೋಸ್ ತಾನೇ ರಿಪೇರಿ ಪುಟ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 9 ಒತ್ತಿ. ತಾನಾಗಿ ರೀಸ್ಟಾರ್ಟ್ ಆಗುವುದು ನಿಲ್ಲುತ್ತದೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಬಂದು, ತಾರೀಕೂ ತಪ್ಪಿದ್ದರೆ, ಅನುಮಾನ ಸೆಲ್ ಮೇಲೆ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಸಾಟಾ ಮೋಡ್ ಈಗ ಏನಿದೆ, ಫೋನಿನಲ್ಲಿ ಫೋಟೋ ತೆಗೆಯಿರಿ. ಐಡಿಇ ಅಥವಾ ರೇಡ್ ಇದ್ದರೆ ಎಎಚ್‌ಸಿಐ ಮಾಡಿ ನೋಡಿ. ಆಗಲಿಲ್ಲವಾ, ಫೋಟೋ ನೋಡಿ ವಾಪಸ್ ಇಡಿ. ಡಿಸ್ಕ್ ಒಂದೇ ಇದ್ದರೆ ಇದರಿಂದ ಫೈಲ್ ಅಳಿಯಲ್ಲ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿಸಿದ್ದರೆ ಮಾತ್ರ ಮುಟ್ಟಬೇಡಿ.

‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಬಂದರೆ ಕಥೆ ಬೇರೆ. ರ‍್ಯಾಮ್ ತೆಗೆದು, ಹಳದಿ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿ. ನಮ್ಮೂರ ಕೆಂಪು ಧೂಳಿಗೆ ನಾನು ಇದನ್ನು ಎಷ್ಟು ಸಲ ಮಾಡಿದ್ದೇನೋ. ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಮಾತ್ರ ನಿಮ್ಮ ರಿಪೇರಿಯವರ ಮಾತು ನಿಜವಿರಬಹುದು. ಆಗ ಬೇರೆಲ್ಲ ಬಿಟ್ಟು ಮೊದಲು ಫೈಲ್ ಕಾಪಿ ಮಾಡಿಕೊಳ್ಳಿ.

ಸೆಲ್ ಹಾಕಲು ಮೆಕ್ಯಾನಿಕ್ ಬೇಕಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಪಕ್ಕದ ಕೊಕ್ಕೆ ತಳ್ಳಿದರೆ ಸೆಲ್ ಮೇಲೆ ಏಳುತ್ತದೆ. ಹೊಸದರ ಪ್ಲಸ್ ಮೇಲ್ಮುಖ ಇರಲಿ. ಆಮೇಲೆ ಬಯೋಸ್‌ನಲ್ಲಿ ತಾರೀಕು, ಸಾಟಾ ಮೋಡ್ ಎರಡನ್ನೂ ಸರಿಮಾಡಿ ಸೇವ್ ಮಾಡಿ. ನನ್ನ ಹಳೆಯ ಸೆಲ್ ಮೀಟರಿನಲ್ಲಿ 2.1 ತೋರಿಸಿತ್ತು. ಹೊಸದಕ್ಕೆ ಒಂದೆರಡು ಪ್ಲೇಟ್ ಒಗ್ಗರಣೆ-ಮಿರ್ಚಿಯ ದುಡ್ಡು ಅಷ್ಟೇ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಹಾಕುವುದು ಸಿಆರ್2032. ಆದರೂ ಹಳೆಯದರ ಮೇಲೆ ಏನು ಬರೆದಿದೆ ನೋಡಿಕೊಳ್ಳಿ. ಸಿಆರ್2025 ಅಂತ ಇನ್ನೊಂದು ಸೆಲ್ ಬರುತ್ತದೆ, ಅಗಲ ಅಷ್ಟೇ, ಆದರೆ ತೆಳು, ಹಿಡಿತ ಸಿಗಲ್ಲ. ಅಂಗಡಿಯವರು ‘ಎರಡೂ ಒಂದೇ ರೀ’ ಅಂದರೂ ತರಬೇಡಿ.