ಅಲ್ಯೂಮಿನಿಯಂ ಡ್ರೈವ್‌ಶಾಫ್ಟ್ ಹಾಕಿಸಲೇ, ಉಕ್ಕಿನದನ್ನೇ ಆರಿಸಲೇ?

ಪ್ರಶ್ನೆ: ನಾನು ಅಮೆರಿಕದ ಡೆಟ್ರಾಯಿಟ್ ಸಮೀಪ ನೆಲೆಸಿರುವ ಕನ್ನಡಿಗ. ನನ್ನ 2007ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗೆ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್ ಅಳವಡಿಸಿ, ಹಿಂದಿನ ಆ್ಯಕ್ಸಲ್‌ಗೆ 3.73 ಅನುಪಾತದ ಗೇರ್ ಹಾಕಿಸಿದ್ದೇನೆ. ಕಾರ್ಖಾನೆಯಿಂದ ಬಂದ ಎರಡು ತುಂಡಿನ ಉಕ್ಕಿನ ಡ್ರೈವ್‌ಶಾಫ್ಟ್ ತೆಗೆದು ಒಂದೇ ತುಂಡಿನದನ್ನು ಹಾಕಿಸಬೇಕೆಂದಿದ್ದೇನೆ. ಕಾರು ಹೆಚ್ಚಾಗಿ ರಸ್ತೆಯಲ್ಲೇ ಓಡುತ್ತದೆ. ವರ್ಷಕ್ಕೆ ನಾಲ್ಕೈದು ಬಾರಿ ರಸ್ತೆ ಟೈರ್‌ಗಳಲ್ಲೇ ಡ್ರ್ಯಾಗ್ ಪಟ್ಟಿಗೆ (ನೇರ ದಾರಿಯ ವೇಗದ ಸ್ಪರ್ಧೆಯ ಅಂಗಳಕ್ಕೆ) ಒಯ್ಯುತ್ತೇನೆ. ಯಾವ ಲೋಹ ಸರಿ?

ಉತ್ತರ: ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ಎಂಜಿನ್ನಿನ ಶಕ್ತಿ ಒಯ್ಯುವ, ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಂದೇ ಕರೆಯುವ ಈ ಭಾಗವನ್ನು ಆರಿಸುವಾಗ ಬಹುತೇಕರು ಮೊದಲು ತೂಕವನ್ನು ನೋಡುತ್ತಾರೆ. ನೀವು ಮೊದಲು ನೋಡಬೇಕಾದದ್ದು ಶಾಫ್ಟ್ ತಿರುಗುವ ವೇಗವನ್ನು. ಉದ್ದನೆಯ ಕೊಳವೆ ಒಂದು ಮಿತಿಗಿಂತ ವೇಗವಾಗಿ ತಿರುಗಿದಾಗ ನಡುವೆ ಬಿಲ್ಲಿನಂತೆ ಬಾಗಿ ಕಂಪಿಸತೊಡಗುತ್ತದೆ; ಆ ಮಿತಿಯೇ ಕ್ರಾಂತಿಕ ವೇಗ. ಕೊಳವೆಯ ವ್ಯಾಸ ಹೆಚ್ಚಿದಷ್ಟೂ ಈ ಮಿತಿ ಏರುತ್ತದೆ, ಆದರೆ ಉದ್ದ ಎರಡರಷ್ಟಾದರೆ ಕಾಲು ಭಾಗಕ್ಕೆ ಕುಸಿಯುತ್ತದೆ. ಕಾರ್ಖಾನೆಯವರು ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇಡುವುದಕ್ಕೆ ಇದೊಂದು ಮುಖ್ಯ ಕಾರಣ.

ಅಲ್ಯೂಮಿನಿಯಂ ಹಗುರವಾದ್ದರಿಂದ ಅದರ ಕ್ರಾಂತಿಕ ವೇಗವೂ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಅದರ ಸಾಂದ್ರತೆ ಉಕ್ಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಆದರೂ ಬಾಗದೆ ನಿಲ್ಲುವ ಬಿಗಿತವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಿರುವುದರಿಂದ, ಒಂದೇ ಉದ್ದ ಮತ್ತು ವ್ಯಾಸದ ಎರಡು ತೆಳು ಕೊಳವೆಗಳ ಕ್ರಾಂತಿಕ ವೇಗ ಬಹುತೇಕ ಸಮವಾಗಿರುತ್ತದೆ. ತೂಕ ವಿಪರೀತ ಏರದಂತೆ ಮೂರೂವರೆ ಅಥವಾ ನಾಲ್ಕು ಇಂಚು ವ್ಯಾಸದ ಕೊಳವೆ ಬಳಸಲು ಅಲ್ಯೂಮಿನಿಯಂ ಅವಕಾಶ ಕೊಡುತ್ತದೆ, ಅದರ ನಿಜವಾದ ಲಾಭ ಅಲ್ಲಿದೆ. ನಿಮ್ಮ 3.73 ಗೇರ್ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ 3.73 ಸುತ್ತು) ಮತ್ತು ಸುಮಾರು 68 ಸೆಂ.ಮೀ. ವ್ಯಾಸದ ಚಕ್ರದೊಂದಿಗೆ ಗಂಟೆಗೆ 160 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು 4,650 ಸುತ್ತು, 190 ಕಿ.ಮೀ. ವೇಗದಲ್ಲಿ 5,500 ಸುತ್ತು ತಿರುಗುತ್ತದೆ. ಓವರ್‌ಡ್ರೈವ್ ಗೇರಿನಲ್ಲಿ ಶಾಫ್ಟ್ ಎಂಜಿನ್‌ಗಿಂತಲೂ ವೇಗವಾಗಿ ತಿರುಗುವುದರಿಂದ ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡಿ ನೆಮ್ಮದಿಯಾಗಿರಬೇಡಿ. ನೀವು ಮುಟ್ಟುವ ಗರಿಷ್ಠ ವೇಗದಲ್ಲೂ ಕ್ರಾಂತಿಕ ವೇಗದ ಮುಕ್ಕಾಲು ಭಾಗ ದಾಟದಂತಹ ಶಾಫ್ಟನ್ನೇ ತಯಾರಕರಿಂದ ಕೇಳಿ ಪಡೆಯಿರಿ.

ತೂಕದ ಲಾಭ ನೀವು ಊಹಿಸಿದಷ್ಟು ದೊಡ್ಡದಲ್ಲ. ಎಂಟು ಕೆ.ಜಿ. ಇಳಿಯಿತೆಂದು ಹಿಡಿದರೂ, ಶಾಫ್ಟಿನ ತ್ರಿಜ್ಯ ಚಿಕ್ಕದಾದ್ದರಿಂದ ತಿರುಗುವ ಜಡತ್ವದ ಉಳಿತಾಯವನ್ನು ಸೇರಿಸಿಕೊಂಡು ಕಾರಿಗೆ ಅದು ಹತ್ತು ಕೆ.ಜಿ.ಯಷ್ಟು ಹಗುರವಾದಂತೆ ಅನಿಸೀತು, ಅಷ್ಟೇ. ನಿಮ್ಮ ಕಾರಿನ ತೂಕ ಸುಮಾರು 1,600 ಕೆ.ಜಿ. ಅದರಲ್ಲಿಯೂ ಒಂದಿಷ್ಟು ಉಳಿತಾಯ ನಡುವಿನ ಬೇರಿಂಗ್ ಮತ್ತು ಕೀಲು ಹೋಗುವುದರಿಂದಲೇ ಬರುತ್ತದೆ. ಒಂದು ತುಂಡಿನ ಉಕ್ಕಿನ ಶಾಫ್ಟ್ ಹಾಕಿಸಿದರೂ ಅದು ಸಿಗುತ್ತದೆ.

ಇನ್ನು ಗಟ್ಟಿತನ. ಮೊದಲ ಗೇರಿನಲ್ಲಿ ಎಂಜಿನ್ ಟಾರ್ಕಿನ (ತಿರುಗಿಸುವ ಬಲದ) ಮೂರು ಪಟ್ಟಿಗೂ ಹೆಚ್ಚು ಬಲ ಶಾಫ್ಟಿನ ಮೇಲೆ ಬೀಳುತ್ತದೆ, ಆದರೆ ರಸ್ತೆ ಟೈರ್‌ಗಳು ಜಾರಿ ಅದರ ಆಘಾತವನ್ನು ತಗ್ಗಿಸುತ್ತವೆ. ಮುಂದೆಂದಾದರೂ ನುಣುಪು ಮೈಯ, ಹೆಚ್ಚು ಹಿಡಿತದ ಸ್ಲಿಕ್ ಟೈರ್ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಹೊರಡುವ ಯೋಚನೆಯಿದ್ದರೆ ಖಂಡಿತವಾಗಿ ಉಕ್ಕಿನದನ್ನೇ ಆರಿಸಿ. ಪದೇ ಪದೇ ಬೀಳುವ ಭಾರ ಒಂದು ಮಟ್ಟದೊಳಗಿದ್ದರೆ ಉಕ್ಕು ಬಹುಕಾಲ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂತಹ ಸ್ಪಷ್ಟ ಮಿತಿಯಿಲ್ಲ, ಬೆಸುಗೆಯ ಆಸುಪಾಸಿನಲ್ಲಿ ಅದರ ಬಲವೂ ಕುಗ್ಗಿರುತ್ತದೆ. ಕಲ್ಲು ಬಡಿದು ಆಳವಾದ ಗೀರು ಅಥವಾ ತಗ್ಗು ಬಿದ್ದ ಅಲ್ಯೂಮಿನಿಯಂ ಕೊಳವೆಯನ್ನು ದುರಸ್ತಿಗೆ ಕೊಡದೆ ಬದಲಿಸಿಬಿಡಿ.

ನಿಮ್ಮ ಊರಿನ ಚಳಿಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಶಾಫ್ಟಿನ ತುದಿಯ ಅಲ್ಯೂಮಿನಿಯಂ ಯೋಕಿನೊಳಗೆ (ಕವಲಿನೊಳಗೆ) ಕೀಲಿನ ಉಕ್ಕಿನ ಕ್ರಾಸ್ (ಕೂಡುಗುರುತಿನ ಆಕಾರದ ತುಂಡು) ಕೂರುವ ಜಾಗದಲ್ಲಿ ಎರಡು ಲೋಹಗಳ ನಡುವಿನ ರಾಸಾಯನಿಕ ಕೊರೆತಕ್ಕೂ ಅದೇ ಕಾರಣವಾಗಿ, ಕೆಲವು ವರ್ಷಗಳ ಬಳಿಕ ಕ್ರಾಸ್ ಬಿಚ್ಚುವುದೇ ಕಷ್ಟವಾಗಬಹುದು. ಚಳಿಗಾಲದಲ್ಲಿ ಕಾರನ್ನು ಹೊರಗೆ ತೆಗೆಯುವುದಿಲ್ಲವಾದರೆ, ನೀವು ಹೇಳಿದ ಬಳಕೆಗೆ ಹೆಸರಾಂತ ತಯಾರಕರ ಸಮತೋಲನಗೊಳಿಸಿದ ಅಲ್ಯೂಮಿನಿಯಂ ಶಾಫ್ಟ್ ಸರಿಯಾದ ಆಯ್ಕೆಯೆಂದು ನನ್ನ ಅಭಿಪ್ರಾಯ.

ಹಾಕಿಸಿದ ಮೇಲೆ ಪಿನಿಯನ್ ಕೋನವನ್ನು, ಅಂದರೆ ಶಾಫ್ಟಿಗೂ ಹಿಂದಿನ ಆ್ಯಕ್ಸಲ್‌ನ ಗೇರ್ ದಂಡಕ್ಕೂ ನಡುವಿನ ಕೋನವನ್ನು ಅಳೆಸಿ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ್ದರೆ ಆ ಕೋನ ಬದಲಾಗಿರುತ್ತದೆ, ಆಗ ಎಷ್ಟೇ ಒಳ್ಳೆಯ ಶಾಫ್ಟ್ ಆದರೂ ನಡುಗುತ್ತದೆ. ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗೆ ಉಕ್ಕಿನ ರಕ್ಷಣಾ ಬಳೆಯನ್ನು ತಪ್ಪದೆ ಅಳವಡಿಸಿ. ಮುಂದಿನ ತುದಿ ಮುರಿದರೆ ಶಾಫ್ಟ್ ನೆಲಕ್ಕೆ ಊರಿಕೊಂಡು ಕಾರನ್ನೇ ಎತ್ತಿಹಾಕದಂತೆ ತಡೆಯುವುದು ಆ ಬಳೆಯೇ.